ವೇಷ ಕಟ್ಟಿಯೂ ಕುಣಿಯದವನ ಸಂಬಳ

2024ರ ಮೇ ಕೊನೆಯ ವಾರ. ಅಮೆರಿಕದ ಮಿಲ್ವಾಕಿಯ ಅಮೆರಿಕನ್ ಫ್ಯಾಮಿಲಿ ಫೀಲ್ಡ್ ಬೇಸ್‌ಬಾಲ್ ಸ್ಟೇಡಿಯಂ. ಪಾರ್ಕಿಂಗ್ ಜಾಗದಲ್ಲಿ ನಮ್ಮ ಪಕ್ಕದ ಮನೆಯ ಅಜ್ಜ ಸಣ್ಣ ಇದ್ದಿಲು ಒಲೆ ಹಚ್ಚಿ ಸಾಸೇಜ್ ಸುಡುತ್ತಿದ್ದರು. ನಾನು ಮನೆಯಿಂದ ಬನ್ಸ್ ಮಾಡಿಸಿಕೊಂಡು ಹೋಗಿದ್ದೆ. ಅಜ್ಜ ಎರಡು ಬನ್ಸ್ ತಿಂದು, ಇದು ಬಾಳೆಹಣ್ಣಿನ ಡೋನಟ್ ಅಲ್ವಾ ಅಂದರು. ಅಲ್ಲ ಅಂತ ವಾದಕ್ಕೆ ಹೋಗಲಿಲ್ಲ.

ಒಳಗೆ ಹೋಗಿ ಕೂತೆವು. ನಮ್ಮ ಮಿಲ್ವಾಕಿ ಬ್ರೂವರ್ಸ್‌ಗೆ ಎದುರಾಳಿ ಶಿಕಾಗೊ ಕಬ್ಸ್. ಅವರ ಡಗೌಟಿನಿಂದ, ಅಂದರೆ ಆಟಗಾರರು ಕೂರುವ ಕಡೆಯಿಂದ, 53 ವರ್ಷದ ಒಬ್ಬ ಮನುಷ್ಯ ಹೊರಗೆ ಬಂದ. ಕೈಯಲ್ಲಿ ಬ್ಯಾಟಿಲ್ಲ, ಗ್ಲೌಸಿಲ್ಲ. ಅಷ್ಟಕ್ಕೇ ಇಡೀ ಸ್ಟೇಡಿಯಂ 'ಬೂ' ಅಂತ ಕೂಗಿತು. ಬೆಳಿಗ್ಗೆಯಿಂದ ಮೊಮ್ಮಕ್ಕಳ ಸುದ್ದಿ ಹೇಳುತ್ತಾ ಮೆತ್ತಗಿದ್ದ ಅಜ್ಜ ಎದ್ದು ನಿಂತು ಎರಡೂ ಕೈ ಬಾಯಿಗಿಟ್ಟು ಕೂಗಿದರು. ಅವರ ಕತ್ತಿನ ನರ ಉಬ್ಬಿದ್ದು ನನಗೆ ಕಾಣುತ್ತಿತ್ತು.

ಆ ಮನುಷ್ಯನ ಹೆಸರು ಕ್ರೇಗ್ ಕೌನ್ಸೆಲ್. ಇದೇ ಊರಿನ ಹುಡುಗ, ಪಕ್ಕದ ವೈಟ್‌ಫಿಶ್ ಬೇಯಲ್ಲಿ ಬೆಳೆದವರು. ಮಿಲ್ವಾಕಿ ಬ್ರೂವರ್ಸ್ ತಂಡಕ್ಕೆ ಆಡಿದರು, ಆಮೇಲೆ 2015ರಿಂದ 2023ರವರೆಗೆ ಅದರ ಮ್ಯಾನೇಜರ್ ಆಗಿದ್ದರು. 2023ರ ನವೆಂಬರ್‌ನಲ್ಲಿ, ಒಂದೂವರೆ ಗಂಟೆ ದೂರದ ಶಿಕಾಗೊಗೆ ಹೋದರು. ಐದು ವರ್ಷಕ್ಕೆ 4 ಕೋಟಿ ಡಾಲರ್. ಅದುವರೆಗೆ ಯಾವ ಬೇಸ್‌ಬಾಲ್ ಮ್ಯಾನೇಜರಿಗೂ ಅಷ್ಟು ಸಂಬಳ ಇರಲಿಲ್ಲ. ಅವರು ಹೋದ ಸುದ್ದಿ ಬಂದ ಕೂಡಲೇ, ಅವರ ಹೆಸರಿಟ್ಟಿದ್ದ ಮಕ್ಕಳ ಆಟದ ಮೈದಾನದ ಬೋರ್ಡಿನ ಮೇಲೆ ಯಾರೋ ಬಣ್ಣ ಬಳಿದಿದ್ದರು.

ಮಾರನೇ ದಿನ ಊರಿಗೆ ಫೋನ್ ಮಾಡಿದಾಗ ಅಪ್ಪಯ್ಯನಿಗೆ ಇದನ್ನು ಹೇಳಿದೆ. ಊರು ಅಂದರೆ ಕುಂದಾಪುರದ ಹತ್ತಿರ ಒಂದು ಹಳ್ಳಿ. ವರ್ಷಕ್ಕೆ 80 ಲಕ್ಷ ಡಾಲರ್, ನಮ್ಮ ಲೆಕ್ಕದಲ್ಲಿ 66 ಕೋಟಿ ರೂಪಾಯಿ ಅಂದೆ. ಅಪ್ಪಯ್ಯ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಅವ ಚಂದ ಹೊಡೀತ ಅಂಬ್ರಾ?"

ಅವರು ಹೊಡೆಯುವುದಿಲ್ಲ, ಆಡುವುದೇ ಇಲ್ಲ, ಕೂತು ಆಡಿಸುತ್ತಾರೆ ಅಂದೆ.

"ಆಡ್ದೇ ಇಪ್ಪವ್ನಿಗೆ ಅಷ್ಟ್ ದುಡ್ಡಾ ಮಾರಾಯ?"

ಅಮೆರಿಕದಲ್ಲಿ ನೂರು ವರ್ಷದಿಂದ ಜಗಳ ಆಡುತ್ತಿರುವುದೂ ಇದೇ ಪ್ರಶ್ನೆಗೆ. ಅಪ್ಪಯ್ಯ ಅದನ್ನು ಒಂದು ಸಾಲಲ್ಲಿ ಕೇಳಿದರು ಅಷ್ಟೇ.

ಮೊದಲು ಕ್ರಿಕೆಟ್ ಹಿಡಿದು ಹೇಳಲು ನೋಡಿದೆ, ಸರಿಹೋಗಲಿಲ್ಲ. ಕ್ರಿಕೆಟ್‌ನಲ್ಲಿ ಬೌಲರ್ ಬದಲಿಸುವವನು, ಫೀಲ್ಡಿಂಗ್ ನಿಲ್ಲಿಸುವವನು ಕ್ಯಾಪ್ಟನ್. ಅವನು ಮೈದಾನದ ಒಳಗೇ ಇರುತ್ತಾನೆ, ತಾನೂ ಆಡುತ್ತಾನೆ. ಕೋಚ್ ಹೊರಗೆ ಕೂತು ಉಗುರು ಕಚ್ಚುತ್ತಾನೆ. ಬೇಸ್‌ಬಾಲ್‌ನಲ್ಲಿ ಕ್ಯಾಪ್ಟನ್ ಅನ್ನೋದು ಬರೀ ಗೌರವದ ಹೆಸರು, ಎಷ್ಟೋ ತಂಡಗಳಲ್ಲಿ ಆ ಹೆಸರೂ ಇಲ್ಲ. ಯಾರು ಆಡಬೇಕು, ಯಾವ ಕ್ರಮದಲ್ಲಿ ಬ್ಯಾಟ್ ಹಿಡಿಯಬೇಕು, ಪಿಚರ್‌ನ, ಅಂದರೆ ಚೆಂಡು ಎಸೆಯುವವನ, ಕೈ ಸೋತಿತಾ, ಅವನನ್ನು ಈಗ ತೆಗೆಯಬೇಕಾ, ಎಲ್ಲ ಮ್ಯಾನೇಜರ್ ತೀರ್ಮಾನ. ಒಮ್ಮೆ ಹೊರಗೆ ಬಂದ ಆಟಗಾರ ಆ ದಿನ ಮತ್ತೆ ಒಳಗೆ ಹೋಗುವ ಹಾಗಿಲ್ಲ. ಹಾಗಾಗಿ ತೆಗೆದರೆ ತೆಗೆದ ಹಾಗೇ.

ಇನ್ನೊಂದು ತಮಾಷೆ ಇದೆ. ಮ್ಯಾನೇಜರ್ ಕೂಡ ಆಟಗಾರರ ಹಾಗೇ ಸಮವಸ್ತ್ರ ಹಾಕಿರುತ್ತಾರೆ, ಬೆನ್ನ ಮೇಲೆ ನಂಬರ್ ಸಮೇತ. ಅರವತ್ತೈದು ದಾಟಿ ಹೊಟ್ಟೆ ಬಂದವರೂ ಬಿಗಿ ಪ್ಯಾಂಟು, ಬೆಲ್ಟು ಹಾಕಿ ಕೂತಿರುತ್ತಾರೆ. ಹದಿನಾಲ್ಕು ವರ್ಷದ ಹಿಂದೆ ಮೊದಲ ಸಲ ನೋಡಿದಾಗ ನನಗೆ ನಗು ತಡೆಯಲಾಗಿರಲಿಲ್ಲ.

ಈ ಸಮವಸ್ತ್ರದ ವಿಷಯ ಹೇಳುವಾಗಲೇ ನನಗೆ ಹೊಳೆದಿದ್ದು. "ಅಪ್ಪಯ್ಯ, ಭಾಗವತರು ಇದ್ದ ಹಾಗೆ" ಅಂದೆ.

ಕರಾವಳಿಯವರಲ್ಲದ ಓದುಗರಿಗೆ ಸ್ವಲ್ಪ ಹೇಳಬೇಕು. ನಮ್ಮ ಕಡೆ ಆಟ ಅಂದರೆ ಯಕ್ಷಗಾನವೇ. ಅದರಲ್ಲಿ ಭಾಗವತರು ರಂಗಸ್ಥಳದ ಹಿಂದೆ ಕೂತು ಪದ್ಯ ಹೇಳುತ್ತಾರೆ, ಕುಣಿಯುವುದಿಲ್ಲ. ಆದರೂ ಅವರನ್ನು 'ಒಂದನೇ ವೇಷ' ಅನ್ನುತ್ತಾರೆ. ಯಾರಿಗೆ ಯಾವ ಪಾತ್ರ, ಪದ್ಯ ಎಷ್ಟು ಎಳೆಯಬೇಕು, ಯಾರ ಕುಣಿತ ಇವತ್ತು ಏಳುತ್ತಿಲ್ಲ, ಬೆಳಗಾಗುವುದರೊಳಗೆ ಪ್ರಸಂಗ ಹೇಗೆ ಮುಗಿಸಬೇಕು, ಎಲ್ಲ ಅವರ ಕೈಯಲ್ಲಿ. ಶಿಳ್ಳೆ ಬೀಳುವುದು ಮಾತ್ರ ವೇಷಧಾರಿಗೆ. ಕಲಾವಿದರನ್ನು ಸಂಬಳಕ್ಕೆ ಗೊತ್ತು ಮಾಡುವುದು ಮೇಳದ, ಅಂದರೆ ಯಕ್ಷಗಾನ ತಂಡದ, ಯಜಮಾನರು. ಇಲ್ಲಿ ಆ ಕೆಲಸ ತಂಡದ ಮಾಲೀಕರದ್ದು ಮತ್ತು ಜನರಲ್ ಮ್ಯಾನೇಜರದ್ದು. ನಮ್ಮ ಮೇಳ ಮಳೆ ಮುಗಿದು ಹೊರಟರೆ ಮೇ ಕೊನೆಯ ವಾರದ ಪತ್ತನಾಜೆ ಹೊತ್ತಿಗೆ ಗೆಜ್ಜೆ ಬಿಚ್ಚುತ್ತದೆ, ಸುಮಾರು ಆರು ತಿಂಗಳ ತಿರುಗಾಟ, ದಿನಾ ರಾತ್ರಿ ಬೇರೆ ಊರು. ಬೇಸ್‌ಬಾಲ್ ಕೂಡ ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆವರೆಗೆ ಆರು ತಿಂಗಳ ತಿರುಗಾಟವೇ. 162 ಪಂದ್ಯ. ವಾರಕ್ಕೆ ಒಂದು ದಿನ ರಜ ಸಿಕ್ಕರೆ ಪುಣ್ಯ.

"ಹಾಂಗ್ ಹೇಳ್" ಅಂದರು ಅಪ್ಪಯ್ಯ. ಅರ್ಥ ಆಯ್ತು ಅಂತ. ಒಪ್ಪಿದೆ ಅಂತ ಅಲ್ಲ. ಮರುಕ್ಷಣವೇ ಕೇಳಿದರು: ಆ ಭಾಗವತ ಹೋದ ಮೇಲೆ ನಿಮ್ಮ ಮೇಳ ಬಿತ್ತಾ, ಅವರ ಮೇಳ ಎದ್ದಿತಾ?

ಕೌನ್ಸೆಲ್ ಕತೆಯಷ್ಟು ಶುದ್ಧವಾದ ಪರೀಕ್ಷೆ ಸಿಗುವುದು ಕಷ್ಟ. 2023ರಲ್ಲಿ ಬ್ರೂವರ್ಸ್ 92 ಪಂದ್ಯ ಗೆದ್ದಿತ್ತು, ಕಬ್ಸ್ 83. ಆದರೆ ಆ ವರ್ಷ ಎರಡೂ ತಂಡ ಗಳಿಸಿದ ರನ್ನು, ಬಿಟ್ಟುಕೊಟ್ಟ ರನ್ನು ನೋಡಿದರೆ ಎರಡೂ ಹೆಚ್ಚುಕಮ್ಮಿ ಒಂದೇ ತೂಕದವು. ಬಿಲ್ ಜೇಮ್ಸ್ ಅನ್ನುವವರು ಮಾಡಿಟ್ಟ ಒಂದು ಲೆಕ್ಕ ಇದೆ. ಗಳಿಸಿದ ರನ್ನಿನ ವರ್ಗವನ್ನು, ಗಳಿಸಿದ್ದರ ವರ್ಗ ಮತ್ತು ಕೊಟ್ಟಿದ್ದರ ವರ್ಗ ಎರಡನ್ನೂ ಕೂಡಿ ಅದರಿಂದ ಭಾಗಿಸಿದರೆ, ತಂಡ ನೂರಕ್ಕೆ ಎಷ್ಟು ಗೆಲ್ಲಬೇಕಿತ್ತು ಅಂತ ಅಂದಾಜು ಸಿಗುತ್ತದೆ. ಹಾಗೆ ನೋಡಿದರೆ ಎರಡೂ ತಂಡ 162ರಲ್ಲಿ 90ರ ಆಸುಪಾಸು ಗೆಲ್ಲಬೇಕಿತ್ತು. ಮಿಲ್ವಾಕಿಗೆ ಎರಡು ಜಾಸ್ತಿ ಬಂತು, ಶಿಕಾಗೊಗೆ ಏಳು ಕಮ್ಮಿ ಬಂತು.

ಇದನ್ನು ನೋಡಿದ ಯಾರಿಗೇ ಆದರೂ ಏನನ್ನಿಸುತ್ತದೆ? ಸಾಮಾನು ಒಂದೇ, ಅಡುಗೆಯವರು ಬೇರೆ. ಹಾಗಾದರೆ ಆ ಅಡುಗೆಯವರನ್ನೇ ಕರೆಸೋಣ. ಕಬ್ಸ್ ತಮ್ಮ ಮ್ಯಾನೇಜರ್ ಡೇವಿಡ್ ರಾಸ್ ಅವರನ್ನು ಬಿಟ್ಟು ಕೌನ್ಸೆಲ್ ಅವರನ್ನು ಕರೆತಂದರು.

2024ರಲ್ಲಿ ಕಬ್ಸ್ ಎಷ್ಟು ಗೆದ್ದಿತು ಗೊತ್ತಾ? 83. ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ. ಜೇಮ್ಸ್ ಲೆಕ್ಕದ ಪ್ರಕಾರ ಆ ವರ್ಷವೂ 88ರ ಆಸುಪಾಸು ಗೆಲ್ಲಬೇಕಿತ್ತು. ಅಂದರೆ ಅಡುಗೆಯವರು ಬದಲಾದರೂ ಉಪ್ಪು ಅಷ್ಟೇ ಕಮ್ಮಿ.

ಈ ಕಡೆ ಮಿಲ್ವಾಕಿ? ಮ್ಯಾನೇಜರ್ ಹೋದ ಮೂರೇ ತಿಂಗಳಿಗೆ ತನ್ನ ಅತಿ ದೊಡ್ಡ ಪಿಚರ್ ಕಾರ್ಬಿನ್ ಬರ್ನ್ಸ್‌ನನ್ನು ಬಾಲ್ಟಿಮೋರ್‌ಗೆ ಕೊಟ್ಟಿತು. ಇನ್ನೊಬ್ಬ ದೊಡ್ಡ ಪಿಚರ್ ಬ್ರ್ಯಾಂಡನ್ ವುಡ್ರಫ್ ಭುಜದ ಪೆಟ್ಟಿನಿಂದ ಇಡೀ ವರ್ಷ ಆಡಲಿಲ್ಲ. ಮ್ಯಾನೇಜರ್ ಕುರ್ಚಿಗೆ ಬಂದವರು ಪ್ಯಾಟ್ ಮರ್ಫಿ, ಕೌನ್ಸೆಲ್ ಪಕ್ಕದಲ್ಲೇ ಸಹಾಯಕರಾಗಿ ಕೂರುತ್ತಿದ್ದ 65 ವರ್ಷದವರು. ಕೌನ್ಸೆಲ್ ಕಾಲೇಜಿನಲ್ಲಿ ಆಡುವಾಗ ಇವರೇ ಅವರ ಕೋಚ್. ಶಿಷ್ಯ ಎದ್ದುಹೋದ ಕುರ್ಚಿಯಲ್ಲಿ ಗುರು ಕೂತ ಹಾಗೆ. ಬ್ರೂವರ್ಸ್ 93 ಗೆದ್ದಿತು. ವರ್ಷದ ಅತ್ಯುತ್ತಮ ಮ್ಯಾನೇಜರ್ ಪ್ರಶಸ್ತಿ ಮರ್ಫಿಗೆ ಬಂತು.

ಹಾಗಾದರೆ ಮರ್ಫಿ ದೊಡ್ಡ ಜಾದೂಗಾರರಾ? ಇದೇ ಮರ್ಫಿ 2015ರಲ್ಲಿ ಸ್ಯಾನ್ ಡಿಯೇಗೊ ತಂಡವನ್ನು ಅರ್ಧ ಸೀಸನ್‌ನಲ್ಲಿ ವಹಿಸಿಕೊಂಡು 42 ಗೆದ್ದು 54 ಸೋತಿದ್ದರು. ಮತ್ತೆ ಯಾರೂ ಎಂಟು ವರ್ಷ ಅವರನ್ನು ಮ್ಯಾನೇಜರ್ ಆಗಿ ಕರೆದಿರಲಿಲ್ಲ.

ಒಬ್ಬನೇ ಮನುಷ್ಯ, ಎರಡು ಮೇಳ, ಎರಡು ಹಣೆಬರಹ. ಬೇಸ್‌ಬಾಲ್ ಚರಿತ್ರೆಯಲ್ಲಿ ಇದು ತುಂಬಿಕೊಂಡಿದೆ. ಜೋ ಟೋರಿ ಮೂರು ತಂಡಗಳಲ್ಲಿ ಗೆದ್ದಿದ್ದಕ್ಕಿಂತ ಸೋತಿದ್ದೇ ಜಾಸ್ತಿ. 1995ರ ಕೊನೆಗೆ ನ್ಯೂಯಾರ್ಕ್ ಯಾಂಕೀಸ್‌ಗೆ ಬಂದಾಗ ಪತ್ರಿಕೆಯವರು ಇವನಿಗೇನು ಗೊತ್ತು ಅಂತ ಗೇಲಿ ಮಾಡಿದ್ದರು. 1996ರಿಂದ ಐದು ವರ್ಷದಲ್ಲಿ ನಾಲ್ಕು ಸಲ ವರ್ಲ್ಡ್ ಸೀರೀಸ್, ಅಂದರೆ ವರ್ಷದ ಫೈನಲ್, ಗೆದ್ದರು. ಬ್ರೂಸ್ ಬೋಚಿ ನಾಲ್ಕು ವರ್ಲ್ಡ್ ಸೀರೀಸ್ ಗೆದ್ದವರು, ಮೂರು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ, ಒಂದು ಟೆಕ್ಸಸ್‌ನಲ್ಲಿ. ಅವರ ಒಟ್ಟು ಲೆಕ್ಕ ತೆಗೆದರೆ ಅಲ್ಲಿಯೂ ಸೋಲೇ ಕೂದಲೆಳೆಯಷ್ಟು ಜಾಸ್ತಿ.

ಆದರೆ ನನ್ನ ಮಟ್ಟಿಗೆ ಎಲ್ಲರಿಗಿಂತ ದೊಡ್ಡ ಸಾಕ್ಷಿ ಕಾನಿ ಮ್ಯಾಕ್. ಫಿಲಡೆಲ್ಫಿಯಾ ಅಥ್ಲೆಟಿಕ್ಸ್ ತಂಡವನ್ನು 1901ರಿಂದ 1950ರವರೆಗೆ ಐವತ್ತು ವರ್ಷ ನಡೆಸಿದರು. ಸಮವಸ್ತ್ರ ಹಾಕದೆ ಕೋಟು, ಟೈ ಹಾಕಿ ಕೂರುತ್ತಿದ್ದ ಅಪರೂಪದ ಮ್ಯಾನೇಜರ್. ತಂಡದಲ್ಲಿ ಪಾಲುದಾರರೂ ಆಗಿದ್ದರಿಂದ ಅವರನ್ನು ತೆಗೆಯುವವರು ಯಾರೂ ಇರಲಿಲ್ಲ. ಅತಿ ಹೆಚ್ಚು ಗೆಲುವಿನ ದಾಖಲೆ ಅವರದ್ದೇ, 3,731. ಅತಿ ಹೆಚ್ಚು ಸೋಲಿನ ದಾಖಲೆಯೂ ಅವರದ್ದೇ, 3,948. 1914ರಲ್ಲಿ ಅವರ ತಂಡ 99 ಪಂದ್ಯ ಗೆದ್ದು ಲೀಗ್‌ನಲ್ಲಿ ಮೊದಲು ಬಂತು. ಆಮೇಲೆ ಕೈಯಲ್ಲಿ ಕಾಸಿಲ್ಲ. ಒಳ್ಳೊಳ್ಳೆ ಆಟಗಾರರು ಕೆಲವರು ಮಾರಾಟವಾದರು, ಕೆಲವರು ಬಿಟ್ಟು ಹೋದರು. ಮಾರನೇ ವರ್ಷ 43 ಗೆಲುವು. ಅದರ ಮಾರನೇ ವರ್ಷ, 1916ರಲ್ಲಿ, ಬರೀ 36. ಸೋಲು 117.

ಅದೇ ತಲೆ, ಅದೇ ಕೋಟು, ಅದೇ ಕುರ್ಚಿ. ಬದಲಾಗಿದ್ದು ವೇಷಧಾರಿಗಳು ಮಾತ್ರ. ಎಂಥ ಭಾಗವತರೇ ಆದರೂ ಕುಣಿಯಲು ಬಾರದವರನ್ನು ಪದ್ಯದಿಂದ ಕುಣಿಸಲಾಗುವುದಿಲ್ಲ ಅಲ್ವಾ?

ಹಾಗಿದ್ದರೆ ಮ್ಯಾನೇಜರೇ ಬೇಡ ಅಂದರೆ ಏನಾಗುತ್ತದೆ? ಅದನ್ನೂ ಮಾಡಿ ನೋಡಿದ್ದಾರೆ ಈ ಜನ. ನನಗೆ ಅಮೆರಿಕದವರಲ್ಲಿ ಇಷ್ಟವಾಗುವ ಗುಣ ಇದು. ಏನೇ ಹುಚ್ಚು ಯೋಚನೆ ಬಂದರೂ ಒಂದು ಕೈ ನೋಡೇಬಿಡುತ್ತಾರೆ.

1951ರ ಆಗಸ್ಟ್‌ನಲ್ಲಿ ಸೇಂಟ್ ಲೂಯಿಸ್ ಬ್ರೌನ್ಸ್ ಅನ್ನುವ ಸೋತು ಸುಣ್ಣವಾಗಿದ್ದ ತಂಡದ ಮಾಲೀಕ ಬಿಲ್ ವೆಕ್, ಒಂದು ದಿನ ಪ್ರೇಕ್ಷಕರ ಕೈಗೇ ತಂಡ ಕೊಟ್ಟರು. ಸಾವಿರಕ್ಕೂ ಹೆಚ್ಚು ಜನರಿಗೆ 'ಹೌದು', 'ಇಲ್ಲ' ಅಂತ ಬರೆದ ರಟ್ಟು ಹಂಚಿದರು. ಪಿಚರ್ ಬದಲಿಸಬೇಕಾ, ಓಡಿ ಬೇಸ್ ಕದಿಯಬೇಕಾ, ಒಬ್ಬರು ಬೋರ್ಡ್ ಹಿಡಿದು ಕೇಳುವುದು, ಜನ ರಟ್ಟು ಎತ್ತುವುದು. ನಿಜವಾದ ಮ್ಯಾನೇಜರ್ ಜ್ಯಾಕ್ ಟೇಲರ್ ತೂಗುಕುರ್ಚಿಯಲ್ಲಿ ಪೈಪ್ ಹಿಡಿದು ಆರಾಮಾಗಿ ಕೂತಿದ್ದರು. ಬ್ರೌನ್ಸ್ 5–3ರಲ್ಲಿ ಗೆದ್ದಿತು! ಆ ಸೀಸನ್‌ನಲ್ಲಿ 102 ಪಂದ್ಯ ಸೋತ ತಂಡ ಅದು.

1977ರಲ್ಲಿ ಅಟ್ಲಾಂಟಾ ಬ್ರೇವ್ಸ್ ಮಾಲೀಕ ಟೆಡ್ ಟರ್ನರ್, ಸತತ ಸೋಲು ತಡೆಯಲಾರದೆ ಮ್ಯಾನೇಜರ್‌ನನ್ನು ಕೆಲವು ದಿನ ಹೊರಗೆ ಕಳಿಸಿ ತಾನೇ ಸಮವಸ್ತ್ರ ಹಾಕಿ ಕೂತರು. ಮೇಳದ ಯಜಮಾನರೇ ಜಾಗಟೆ ಹಿಡಿದು ಪದ್ಯಕ್ಕೆ ಕೂತ ಹಾಗೆ. 2–1ರಲ್ಲಿ ಸೋತರು. ಲೀಗ್‌ನವರು ಮಾರನೇ ದಿನವೇ ಇದೆಲ್ಲ ನಡೆಯುವುದಿಲ್ಲ ಅಂತ ಕೆಳಗಿಳಿಸಿದರು.

ಒಂದು ದಿನದ ತಮಾಷೆ ಬಿಡಿ. ಇದೇ ಶಿಕಾಗೊ ಕಬ್ಸ್ ಎರಡು ವರ್ಷ ಮ್ಯಾನೇಜರ್ ಇಲ್ಲದೆ ಆಡಿದೆ. ಚೂಯಿಂಗ್ ಗಮ್ ಕಂಪನಿಯ ಫಿಲಿಪ್ ರಿಗ್ಲಿ ತಂಡದ ಮಾಲೀಕ. 1960ರಲ್ಲಿ ತಂಡ 60 ಗೆದ್ದು 94 ಸೋತಿತ್ತು. ಮ್ಯಾನೇಜರ್‌ಗಳನ್ನು ತೆಗೆದು ತೆಗೆದು ಸಾಕಾಗಿ ರಿಗ್ಲಿ, ಇನ್ನು ಮ್ಯಾನೇಜರೇ ಇಲ್ಲ, ಕೋಚ್‌ಗಳ ಒಂದು ಗುಂಪು ಸರದಿಯ ಮೇಲೆ ತಂಡ ನಡೆಸಲಿ ಅಂದರು. 1961ರಲ್ಲಿ 64 ಗೆಲುವು. ಅಂದರೆ ಮ್ಯಾನೇಜರ್ ಇದ್ದಾಗಿನದಕ್ಕಿಂತ ನಾಲ್ಕು ಜಾಸ್ತಿ! 1962ರಲ್ಲಿ ಮಾತ್ರ 59ಕ್ಕೆ ಇಳಿಯಿತು, 103 ಸೋಲು.

ಈ ಸಂಖ್ಯೆ ಹಿಡಿದು ಮ್ಯಾನೇಜರ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಅಂತ ನಾನು ತುಂಬಾ ದಿನ ವಾದ ಮಾಡುತ್ತಿದ್ದೆ. ಒಂದು ದಿನ ಅಜ್ಜ ನನ್ನನ್ನು ಅವರ ಗ್ಯಾರೇಜಿಗೆ ಕರೆದುಕೊಂಡು ಹೋದರು. ಅವರು ಪಂದ್ಯಕ್ಕೆ ಹೋದಾಗಲೆಲ್ಲ ಪೆನ್ಸಿಲ್‌ನಲ್ಲಿ ಸ್ಕೋರ್ ಬರೆದಿಡುತ್ತಾರೆ. ಪ್ರತಿ ಚೌಕದಲ್ಲಿ ಸಣ್ಣ ವಜ್ರದ ಆಕಾರ, ಅದರೊಳಗೆ ಗೆರೆ. ಹಳೆಯ ಬಿಸ್ಕೆಟ್ ಡಬ್ಬಗಳಲ್ಲಿ ನಲವತ್ತು ವರ್ಷದ ಹಾಳೆಗಳು. ಒಂದು ಹಾಳೆ ತೆಗೆದು, ಇಲ್ಲಿ ಪಿಚರ್ ಎರಡು ವಾಕ್ (ತಪ್ಪು ಎಸೆತಗಳಿಂದ ಬ್ಯಾಟರ್‌ಗೆ ಬಿಟ್ಟಿ ಬೇಸ್) ಕೊಟ್ಟ ಮೇಲೆ ಏನಾಯ್ತು ಹೇಳು ಅಂದರು. ಗೊತ್ತಾಗಲ್ಲ ಅಂದೆ. ಮ್ಯಾನೇಜರ್ ನಡೆದು ಹೋಗಿ ಅವನ ಹತ್ತಿರ ಏನೋ ಮಾತಾಡಿದ, ಹುಡುಗ ನಕ್ಕ, ಆಮೇಲೆ ಮೂವರನ್ನು ಔಟ್ ಮಾಡಿದ, ಆದರೆ ಮಾತಾಡಿದ್ದನ್ನು ಬರೆಯಲು ಚೌಕ ಇಲ್ಲ ಅಂದರು.

ಆಮೇಲೆ ನಾನು ಕಬ್ಸ್ ಕತೆಯ ಮುಂದಿನ ಭಾಗ ಓದಿದೆ. ಆ ಎರಡು ವರ್ಷ ಆಟಗಾರರು ತಲೆ ಚಚ್ಚಿಕೊಂಡಿದ್ದರಂತೆ. ಒಬ್ಬ ಕೋಚ್ ಬ್ಯಾಟ್ ಹೀಗೆ ಹಿಡಿ ಅನ್ನುವುದು, ಮೂರು ವಾರ ಬಿಟ್ಟು ಬಂದ ಇನ್ನೊಬ್ಬ ಹಾಗಲ್ಲ ಅನ್ನುವುದು. ಒಬ್ಬರ ಕಾಲದಲ್ಲಿ ದಿನಾ ಆಡುತ್ತಿದ್ದವನು ಇನ್ನೊಬ್ಬರ ಕಾಲದಲ್ಲಿ ಬೆಂಚಿಗೆ. 1963ರಲ್ಲಿ ಬಾಬ್ ಕೆನಡಿ ಒಬ್ಬರಿಗೇ ಇಡೀ ವರ್ಷ ಜವಾಬ್ದಾರಿ ಕೊಟ್ಟರು. 59 ಇದ್ದ ಗೆಲುವು 82ಕ್ಕೆ ಏರಿತು. ಹಿಂದಿನ ವರ್ಷ 20 ಪಂದ್ಯ ಸೋತಿದ್ದ ಡಿಕ್ ಎಲ್ಸ್‌ವರ್ತ್ ಅನ್ನುವ ಪಿಚರ್ ಆ ವರ್ಷ 22 ಗೆದ್ದ. ಕೆನಡಿ ಬಂದಿದ್ದಕ್ಕೆ ಎಲ್ಸ್‌ವರ್ತ್ ಗೆದ್ದನಾ, ಎಲ್ಸ್‌ವರ್ತ್ ಗೆದ್ದಿದ್ದಕ್ಕೆ ಕೆನಡಿ ಒಳ್ಳೆಯವರಾದರಾ? ಅದನ್ನು ಬಿಡಿಸಿ ಹೇಳುವ ಲೆಕ್ಕ ಯಾವ ಬಿಲ್ ಜೇಮ್ಸ್ ಹತ್ತಿರವೂ ಇಲ್ಲ.

ಟಿವಿಯಲ್ಲಿ ನಾವು ನೋಡಿ ಬೈಯುವುದು ಮಾತ್ರ ಬೇರೆಯದನ್ನೇ. ಪಿಚರ್‌ನನ್ನು ತೆಗೆದರಾ ಬಿಟ್ಟರಾ ಅನ್ನುವುದನ್ನು. ಎರಡು ರಾತ್ರಿಗಳ ಕತೆ ಹೇಳುತ್ತೇನೆ.

2003ರ ಅಕ್ಟೋಬರ್. ಬಾಸ್ಟನ್ ರೆಡ್ ಸಾಕ್ಸ್ ಮತ್ತು ಯಾಂಕೀಸ್, ಏಳನೇ ಪಂದ್ಯ, ಗೆದ್ದವರು ವರ್ಲ್ಡ್ ಸೀರೀಸ್‌ಗೆ. ಎಂಟನೇ ಇನಿಂಗ್ಸ್‌ನಲ್ಲಿ ಬಾಸ್ಟನ್ 5–2ರಲ್ಲಿ ಮುಂದಿದೆ. ಎಸೆಯುತ್ತಿರುವುದು ಪೆಡ್ರೊ ಮಾರ್ಟಿನೆಜ್, ಆ ಕಾಲದ ದೊಡ್ಡ ಪಿಚರ್. ನೂರು ಎಸೆತ ದಾಟಿದರೆ ಅವರ ಕೈ ಇಳಿಯುತ್ತದೆ ಅಂತ ಎಲ್ಲರಿಗೂ ಗೊತ್ತು. ಮ್ಯಾನೇಜರ್ ಗ್ರೇಡಿ ಲಿಟ್ಲ್ ನಡೆದು ಹೋದರು, ಮಾತಾಡಿದರು, ಪೆಡ್ರೊನನ್ನು ಅಲ್ಲೇ ಬಿಟ್ಟು ವಾಪಸ್ ಬಂದರು. ಯಾಂಕೀಸ್ 5–5 ಮಾಡಿತು. 11ನೇ ಇನಿಂಗ್ಸ್‌ನಲ್ಲಿ ಯಾಂಕೀಸ್‌ನ ಆರನ್ ಬೂನ್ ಹೋಮ್ ರನ್ ಹೊಡೆದ, ಬಾಸ್ಟನ್ ಸೋತಿತು. ಕೆಲವೇ ದಿನದಲ್ಲಿ ಲಿಟ್ಲ್ ಕೆಲಸ ಹೋಯಿತು. ಲೆಕ್ಕ ನೋಡದೆ ಮನಸ್ಸಿನ ಮಾತು ಕೇಳಿದ ಮೂರ್ಖ ಅಂದರು ಜನ.

2020ರ ಅಕ್ಟೋಬರ್. ವರ್ಲ್ಡ್ ಸೀರೀಸ್ ಆರನೇ ಪಂದ್ಯ. ಟ್ಯಾಂಪಾ ಬೇ ರೇಸ್ 1–0 ಮುಂದಿದೆ. ಅವರ ಪಿಚರ್ ಬ್ಲೇಕ್ ಸ್ನೆಲ್ 73 ಎಸೆತದಲ್ಲಿ ಒಂಬತ್ತು ಜನರನ್ನು ಸ್ಟ್ರೈಕ್ ಔಟ್ ಮಾಡಿದ್ದಾನೆ. ಡಾಡ್ಜರ್ಸ್‌ಗೆ (ಎದುರಾಳಿ ತಂಡ) ಅವನ ಚೆಂಡು ಕಾಣುತ್ತಲೇ ಇಲ್ಲ. ಆದರೆ ಒಬ್ಬ ಪಿಚರ್‌ನನ್ನು ಬ್ಯಾಟರ್‌ಗಳು ಅದೇ ದಿನ ಮೂರನೇ ಸಲ ಎದುರಿಸಿದಾಗ ಚೆನ್ನಾಗಿ ಹೊಡೆಯುತ್ತಾರೆ ಅಂತ ವರ್ಷಗಟ್ಟಲೆ ಲೆಕ್ಕ ಹೇಳುತ್ತಿತ್ತು. ಮ್ಯಾನೇಜರ್ ಕೆವಿನ್ ಕ್ಯಾಶ್ ಲೆಕ್ಕ ನಂಬಿ ಸ್ನೆಲ್‌ನನ್ನು ತೆಗೆದರು. ಬಂದವನಿಗೆ ಹೊಡೆದರು. 3–1ರಲ್ಲಿ ಸೋಲು, ಸೀರೀಸ್ ಮುಗಿಯಿತು. ಕಣ್ಣಿಗೆ ಕಾಣುವುದನ್ನು ಬಿಟ್ಟು ಕಾಗದ ನೋಡಿದ ಮೂರ್ಖ ಅಂದರು ಅದೇ ಜನ.

ಬಿಟ್ಟರೂ ತಪ್ಪು, ತೆಗೆದರೂ ತಪ್ಪು. ಲಿಟ್ಲ್ ಬಿಟ್ಟಿದ್ದು ತಪ್ಪೇ ಅಂತ ನಾನೂ ಹೇಳುತ್ತೇನೆ. ಕ್ಯಾಶ್ ಮಾಡಿದ್ದು ನನ್ನ ಪ್ರಕಾರ ದೊಡ್ಡ ತಪ್ಪಲ್ಲ, ಕೆಟ್ಟ ಹಣೆಬರಹ. ಅಂದಹಾಗೆ ಆ ಬೂನ್ 2018ರಿಂದ ಯಾಂಕೀಸ್‌ನ ಮ್ಯಾನೇಜರ್. ಹೋಮ್ ರನ್ ಹೊಡೆದಾಗ ಹೊತ್ತು ಮೆರೆಸಿದ ಊರೇ ಈಗ ಅವರು ಪಿಚರ್ ಬದಲಿಸಿದಾಗಲೆಲ್ಲ ಬೈಯುತ್ತದೆ.

ಮೈದಾನದಲ್ಲಿ ಮಾಡುವ ಇಂಥ ಕೆಲಸಗಳ ತೂಕ ನಾವು ಅಂದುಕೊಂಡದ್ದಕ್ಕಿಂತ ಕಮ್ಮಿ. ಬ್ಯಾಟಿಂಗ್ ಕ್ರಮವನ್ನೇ ತೆಗೆದುಕೊಳ್ಳಿ. ಜನ ಇದಕ್ಕೆ ಎಷ್ಟು ಜಗಳ ಆಡುತ್ತಾರೆ! ಒಳ್ಳೆಯ ಕ್ರಮಕ್ಕೂ ಸಾಧಾರಣ ಕ್ರಮಕ್ಕೂ 162 ಪಂದ್ಯದಲ್ಲಿ ಒಂದೆರಡು ಗೆಲುವಿನ ವ್ಯತ್ಯಾಸ ಬಂದರೆ ಹೆಚ್ಚು. ನಿಯಮಗಳೂ ಮ್ಯಾನೇಜರ್ ಕೈ ಕಟ್ಟುತ್ತಾ ಬಂದಿವೆ. 2020ರಿಂದ ಹೊಸದಾಗಿ ಬಂದ ಪಿಚರ್ ಇನಿಂಗ್ಸ್ ಮುಗಿಯದಿದ್ದರೆ ಕನಿಷ್ಠ ಮೂರು ಬ್ಯಾಟರ್‌ಗಳನ್ನು ಎದುರಿಸಲೇಬೇಕು. 2022ರಿಂದ ಎರಡೂ ಲೀಗ್‌ಗಳಲ್ಲಿ ಪಿಚರ್ ಬ್ಯಾಟ್ ಹಿಡಿಯಬೇಕಾಗಿಲ್ಲ, ಹಾಗಾಗಿ ಅವನ ಬದಲು ಯಾರನ್ನು ಯಾವಾಗ ಕಳಿಸುವುದು ಅನ್ನುವ ಹಳೆಯ ಚದುರಂಗ ಮುಗಿದೇ ಹೋಯಿತು. ಇದರ ಮೇಲೆ ಆಫೀಸಿನಲ್ಲಿ ಕೂತ ಲೆಕ್ಕದವರು ಬೆಳಿಗ್ಗೆಯೇ ಹಾಳೆ ತಯಾರು ಮಾಡಿ ಕೊಟ್ಟಿರುತ್ತಾರೆ.

ಹಾಗಾದರೆ ಉಳಿದಿದ್ದೇನು? ಚೌಕಿ. ವೇಷಧಾರಿಗಳು ಬಣ್ಣ ಹಚ್ಚುವ, ಊಟ ಮಾಡುವ, ಮುನಿಸಿಕೊಳ್ಳುವ ಜಾಗ. ನಮ್ಮ ಊರಲ್ಲಿ ಆಟ ಸೊರಗಿದರೆ ದೊಡ್ಡವರು ಮೊದಲು ಕೇಳುವುದು ಚೌಕಿಯಲ್ಲಿ ಏನಾದರೂ ಗಲಾಟೆಯಾ ಅಂತ. 26 ಆಟಗಾರರು ಆರು ತಿಂಗಳು ಒಟ್ಟಿಗೆ ಇರಬೇಕು. ಒಬ್ಬನಿಗೆ ಕೋಟಿಗಟ್ಟಲೆ, ಪಕ್ಕದವನಿಗೆ ನಾಳೆ ಕೆಳಗಿನ ಲೀಗ್‌ಗೆ ಕಳಿಸುತ್ತಾರೇನೋ ಅಂತ ಭಯ. ಇವತ್ತು ನಿನ್ನನ್ನು ಆಡಿಸುವುದಿಲ್ಲ ಅಂತ ದಿನಾ ಯಾರಿಗೋ ಹೇಳಬೇಕು, ಹೇಳಿಯೂ ಅವನು ನಾಳೆಗೆ ತಯಾರಿರಬೇಕು. ಬಾಬಿ ಕಾಕ್ಸ್ ಅನ್ನುವ ಅಟ್ಲಾಂಟಾ ಮ್ಯಾನೇಜರ್‌ನನ್ನು ಅಂಪೈರ್‌ಗಳು 150ಕ್ಕೂ ಜಾಸ್ತಿ ಸಲ ಮೈದಾನದಿಂದ ಹೊರಗೆ ಹಾಕಿದ್ದಾರೆ. ಆಟಗಾರ ಅಂಪೈರ್ ಜೊತೆ ಜಗಳಕ್ಕೆ ನಿಂತರೆ ಇವರು ಓಡಿ ಬಂದು ಮಧ್ಯೆ ನುಗ್ಗಿ ಬೈಸಿಕೊಂಡು ತಾವೇ ಹೊರಗೆ ಹೋಗುವುದು. ಆಟಗಾರ ಉಳಿಯುತ್ತಾನೆ. ಅವರ ತಂಡ 1991ರಿಂದ 2005ರವರೆಗೆ, ಮುಷ್ಕರದಿಂದ ಅರ್ಧಕ್ಕೇ ನಿಂತ 1994 ಒಂದು ಬಿಟ್ಟು, ಪ್ರತಿ ವರ್ಷ ತನ್ನ ವಿಭಾಗದಲ್ಲಿ ಮೊದಲು ಬಂತು.

ಇದನ್ನು ನಾನು ಪುಸ್ತಕದಿಂದ ನಂಬಿದ್ದಲ್ಲ. ಮಗಳು ಹತ್ತು ವರ್ಷದವಳಿದ್ದಾಗ ಇಲ್ಲಿನ ಮಕ್ಕಳ ಸಾಫ್ಟ್‌ಬಾಲ್ ತಂಡ ಸೇರಿದಳು. ಅವಳ ಕೋಚ್ ಕೂಡ ಒಂದು ಮಗುವಿನ ತಾಯಿಯೇ. ಮೊದಲ ಮೂರು ಪಂದ್ಯ ನನ್ನ ಮಗಳನ್ನು ಬ್ಯಾಟಿಂಗ್‌ನಲ್ಲಿ ಕೊನೆಗೆ ಹಾಕಿದರು, ಚೆಂಡೇ ಬಾರದ ಮೂಲೆಯಲ್ಲಿ ನಿಲ್ಲಿಸಿದರು. ನನಗೆ ಹೊಟ್ಟೆ ಉರಿ. ಮನೆಗೆ ಬಂದು ಹೆಂಡತಿಯ ಹತ್ತಿರ ಆ ಕೋಚ್‌ಗೆ ಆಟವೇ ಗೊತ್ತಿಲ್ಲ ಅಂದೆ. ನಿಮಗೆ ಗೊತ್ತಾ ಅಂತ ಕೇಳಿದಳು. ನಾಲ್ಕನೇ ಪಂದ್ಯದಲ್ಲಿ ಮಗಳ ಕಡೆಗೇ ಒಂದು ಚೆಂಡು ಬಂತು. ಗ್ಲೌಸಿಗೆ ಬಿದ್ದು ಜಾರಿತು. ಅವಳು ಅಲ್ಲೇ ತಲೆ ತಗ್ಗಿಸಿ ನಿಂತುಬಿಟ್ಟಳು. ಕೋಚ್ ಆಟ ನಿಲ್ಲಿಸಿ ನಡೆದು ಹೋದರು. ಅವಳ ಮುಂದೆ ಮಂಡಿಯೂರಿ ಶೂ ಲೇಸ್ ಬಿಚ್ಚಿ ಮತ್ತೆ ಕಟ್ಟಿದರು. ಲೇಸ್ ಬಿಚ್ಚಿಯೇ ಇರಲಿಲ್ಲ, ನಾನು ನೋಡಿದ್ದೆ. ಅಷ್ಟು ಹೊತ್ತಿಗೆ ಅವಳ ಮುಖ ಸರಿಹೋಗಿತ್ತು. ತಂಡ ಆ ದಿನವೂ ಸೋತಿತು. ಆದರೆ ಮಗಳು ಮುಂದಿನ ವಾರ ನಾನು ಹೇಳುವ ಮೊದಲೇ ಬ್ಯಾಗ್ ಹಿಡಿದು ಕಾರಲ್ಲಿ ಕೂತಿದ್ದಳು.

ಮರ್ಫಿಯನ್ನು ನಾನು ಮೆಚ್ಚುವುದೂ ಇಂಥ ಕಾರಣಕ್ಕೇ. 2025ರಲ್ಲಿ ಒಮ್ಮೆ ಟಿವಿಯವರು ಪಂದ್ಯದ ಮಧ್ಯೆ ಅವರನ್ನು ಮಾತಾಡಿಸುವಾಗ, ಸಮವಸ್ತ್ರದ ಜೇಬಿನಿಂದ ಒಂದು ಪ್ಯಾನ್‌ಕೇಕ್ ತೆಗೆದು ತಿನ್ನತೊಡಗಿದರು. ಸುಮ್ನೆ, ಹಸಿವಾಗಿತ್ತು ಅಂತ. ಅಪ್ಪಯ್ಯನಿಗೆ ಅದು ಎಷ್ಟು ಇಷ್ಟವಾಯಿತು ಅಂದರೆ ಅವತ್ತಿನಿಂದ ಮರ್ಫಿ 'ದೋಸೆ ಭಾಗವತರು'. ಮುಖ್ಯಸ್ಥ ಹೀಗಿದ್ದರೆ ಹುಡುಗರು ಹೆದರಿ ಆಡುವುದಿಲ್ಲ ಅನ್ನುವುದು ನನ್ನ ಊಹೆ. ಊಹೆ ಅಷ್ಟೇ. ಆ ವರ್ಷ ತಂಡ 97 ಗೆದ್ದಿತು, ಇಡೀ ಮೇಜರ್ ಲೀಗ್‌ನಲ್ಲೇ ಅದು ಹೆಚ್ಚು. ಕೌನ್ಸೆಲ್ ಅವರ ಕಬ್ಸ್ ಕೂಡ 92ಕ್ಕೆ ಏರಿತು. ಹಾಗಾಗಿ ಅವರಿಗೆ ಕೊಟ್ಟ ದುಡ್ಡು ದಂಡ ಅಂತ ಈಗ ಹೇಳುವ ಹಾಗೂ ಇಲ್ಲ. ಆದರೆ ಆ ವರ್ಷ ಕಬ್ಸ್ ಹೊಸ ದೊಡ್ಡ ಬ್ಯಾಟರ್‌ನನ್ನೂ ತಂದಿತ್ತಲ್ಲ.

ನಮ್ಮ ಕಡೆಗೂ ಇಲ್ಲಿಗೂ ಬೈಯುವ ರೀತಿಯಲ್ಲಿ ವ್ಯತ್ಯಾಸ ಇದೆ. ಆರ್‌ಸಿಬಿ 17 ಸೀಸನ್ ಕಪ್ ಇಲ್ಲದೆ ಕಳೆದಾಗ ನಾವು ಬೈದಿದ್ದು ಕ್ಯಾಪ್ಟನ್‌ಗೆ, ಬೌಲರ್‌ಗಳಿಗೆ, ಹರಾಜಿನಲ್ಲಿ ತಂಡ ಕಟ್ಟಿದವರಿಗೆ. ಆ ಅವಧಿಯ ಕೋಚ್‌ಗಳ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಸಾಲಾಗಿ ನೆನಪಿದೆ? 2025ರ ಜೂನ್ 3ಕ್ಕೆ ಕಪ್ ಬಂದಾಗಲೂ ಬೀದಿಯಲ್ಲಿ ಕೂಗಿದ್ದು ಕೊಹ್ಲಿ ಹೆಸರನ್ನು, ಆಮೇಲೆ ಪಾಟಿದಾರ್ ಹೆಸರನ್ನು. ಕೋಚ್ ಆ್ಯಂಡಿ ಫ್ಲವರ್ ಹೆಸರು ಹಿಡಿದು ಯಾರಾದರೂ ಕೂಗಿದ್ದು ನಾನು ಕೇಳಲಿಲ್ಲ. ಕುಂಬ್ಳೆ 2017ರಲ್ಲಿ ಭಾರತ ತಂಡದ ಕೋಚ್ ಹುದ್ದೆ ಬಿಟ್ಟಾಗ ಕ್ಯಾಪ್ಟನ್ ಜೊತೆ ಹೊಂದಾಣಿಕೆ ಆಗಲಿಲ್ಲ ಅನ್ನುವುದು ಗುಟ್ಟಾಗಿ ಉಳಿಯಲಿಲ್ಲ. ಅಧಿಕಾರ ಇಬ್ಬರಲ್ಲಿ ಹಂಚಿದ್ದರೆ ಆ ಜಗಳ ಇದ್ದಿದ್ದೇ. ಇಲ್ಲಿ ಆ ಗೊಂದಲ ಇಲ್ಲ. ಬೈಸಿಕೊಳ್ಳಲು ಒಂದು ಕುರ್ಚಿ ಇಟ್ಟಿದ್ದಾರೆ, ಅದಕ್ಕೊಬ್ಬರು ಯಾವಾಗಲೂ ಇರುತ್ತಾರೆ. 26 ಆಟಗಾರರನ್ನು ಒಟ್ಟಿಗೆ ತೆಗೆಯಲಾಗುವುದಿಲ್ಲ, ಇವರೊಬ್ಬರನ್ನು ತೆಗೆಯಬಹುದು. ಆ 66 ಕೋಟಿಯಲ್ಲಿ ಒಂದು ದೊಡ್ಡ ಪಾಲು ಬೈಗುಳದ ಬಾಬ್ತೇ ಇರಬೇಕು ಅಂತ ನನಗೆ ಅನ್ನಿಸುತ್ತದೆ.

2025ರ ಅಕ್ಟೋಬರ್‌ನಲ್ಲಿ ಬ್ರೂವರ್ಸ್ ಮೊದಲು ಕಬ್ಸ್‌ನ್ನು 3–2ರಲ್ಲಿ ಮನೆಗೆ ಕಳಿಸಿತು. ಅಜ್ಜ ಅಂಗಳದಲ್ಲಿ ಕುಣಿದರು. ಮುಂದಿನ ಸೀರೀಸ್‌ನಲ್ಲಿ ಡಾಡ್ಜರ್ಸ್ ನಮ್ಮನ್ನು ನಾಲ್ಕಕ್ಕೆ ನಾಲ್ಕೂ ಸೋಲಿಸಿತು. ನಾಲ್ಕು ಪಂದ್ಯದಲ್ಲಿ ನಮ್ಮದು ತಲಾ ಒಂದೇ ರನ್ನು. ಕೊನೆಯ ದಿನ ಶೊಹೆ ಒಟಾನಿ ಒಬ್ಬನೇ ಪಿಚ್ ಮಾಡಿ ಹತ್ತು ಜನರನ್ನು ಸ್ಟ್ರೈಕ್ ಔಟ್ ಮಾಡಿದ, ಬ್ಯಾಟ್ ಹಿಡಿದು ಮೂರು ಹೋಮ್ ರನ್ ಹೊಡೆದ. ಅಂಥ ವೇಷ ರಂಗಕ್ಕೆ ಬಂದ ಮೇಲೆ ಎದುರು ಡಗೌಟಿನಲ್ಲಿ ಯಾರು ಕೂತರೇನು? ಆದರೂ ಅಜ್ಜ ಬೇಲಿಯ ಆಚೆಯಿಂದ, ಮರ್ಫಿ ಪಿಚರ್‌ನನ್ನು ಒಂದು ಬ್ಯಾಟರ್ ಮೊದಲೇ ಬದಲಿಸಬೇಕಿತ್ತು ಅಂದರು.

ನವೆಂಬರ್‌ನಲ್ಲಿ ಮತ್ತೆ ಮರ್ಫಿಗೇ ಅತ್ಯುತ್ತಮ ಮ್ಯಾನೇಜರ್ ಪ್ರಶಸ್ತಿ ಬಂತು. ಅದಾಗಿ ಸ್ವಲ್ಪ ದಿನಕ್ಕೆ ಅಪ್ಪಯ್ಯನಿಗೆ ಫೋನ್ ಮಾಡಿದೆ. ಇಲ್ಲಿ ಬೆಳಿಗ್ಗೆ, ಅಲ್ಲಿ ಸಂಜೆ ಏಳು ಗಂಟೆ. ದೋಸೆ ಭಾಗವತರ ಕೆಲಸ ಉಳಿಯಿತಾ ಅಂತ ಕೇಳಿದರು. ಉಳಿಯಿತು, ಪ್ರಶಸ್ತಿಯೂ ಬಂತು ಅಂದೆ.

"ಸೋತ್ರೂ ಕೊಟ್ರಾ?"

ಪ್ರಶಸ್ತಿಯ ಓಟನ್ನು ಅಕ್ಟೋಬರ್ ಪಂದ್ಯಗಳಿಗೆ ಮೊದಲೇ ಹಾಕುತ್ತಾರೆ ಅಂತ ವಿವರಿಸಲು ಹೊರಟೆ. ಅಪ್ಪಯ್ಯನಿಗೆ ಕೇಳುವ ತಾಳ್ಮೆ ಇರಲಿಲ್ಲ. ಈ ವರ್ಷದ ತಿರುಗಾಟ ಶುರುವಾಗಿದೆ, ಹತ್ತಿರದಲ್ಲೇ ಹರಕೆ ಆಟ, "ನಂಗೆ ಹೋಯ್ಕ್, ಫೋನ್ ಇಡ್" ಅಂದರು. ಯಾವ ಮೇಳ ಅಂತ ಕೇಳಿದೆ.

ಅಪ್ಪಯ್ಯ ಮೇಳದ ಹೆಸರು ಹೇಳಲಿಲ್ಲ. ಭಾಗವತರ ಹೆಸರು ಹೇಳಿ ಫೋನ್ ಇಟ್ಟರು.